ಸಂಚು ಅವರದು, ಉದ್ದೇಶ ಯಾರದು? ಸುವಾರ್ತೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯೇಸುವಿನ ಸಾವನ್ನು ನೆನೆಯುವ ಶುಭ ಶುಕ್ರವಾರ ಹತ್ತಿರ ಬಂದಾಗಲೆಲ್ಲ ಬೈಬಲ್ ಅಧ್ಯಯನದ ಗುಂಪುಗಳಲ್ಲಿ ಇವೇ ಪ್ರಶ್ನೆಗಳು ಏಳುತ್ತವೆ. ಯೇಸುವನ್ನು ಕೊಲ್ಲಿಸಿದ್ದು ಮಹಾಯಾಜಕ ಕಾಯಫನ ಸಂಚೋ, ದೇವರ ಯೋಜನೆಯೋ? ಎರಡೂ ಹೌದು ಅಂದರೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನಿಗೆ ಯಾಕೆ ಶಾಪ? ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ನಾಲ್ಕು ಸಾಲು ಸಾಕು. ನಂಬಿಕೆ ಇರುವವರೂ ಓದಬಹುದು, ಸುಮ್ನೆ ಕುತೂಹಲಕ್ಕೆ ಬಂದವರೂ ಓದಬಹುದು.

ಯೇಸುವಿನ ವಿರುದ್ಧ ನಡೆದದ್ದು ಒಂದೇ ಸಂಚಾ?

ಅಲ್ಲ. ಯೇಸುವಿನ ಕಥೆ ಹೇಳುವ ಬೈಬಲಿನ ನಾಲ್ಕು ಪುಸ್ತಕಗಳನ್ನು, ಅಂದರೆ ಮತ್ತಾಯ, ಮಾರ್ಕ, ಲೂಕ, ಯೋಹಾನರ ಸುವಾರ್ತೆಗಳನ್ನು, ಒಟ್ಟಿಗೆ ಇಟ್ಟು ಓದಿದರೆ ಹಲವು ಸಂಚುಗಳು ಕಾಣುತ್ತವೆ. ಮತ್ತಾಯನ ಎರಡನೇ ಅಧ್ಯಾಯದಲ್ಲೇ ಮಹಾ ಹೆರೋದ ಮಗುವನ್ನು ಕೊಲ್ಲಲು ಹವಣಿಸುತ್ತಾನೆ. ಮಾರ್ಕನ ಮೂರನೇ ಅಧ್ಯಾಯದಲ್ಲಿ, ಯೇಸು ಕೆಲಸ ಮಾಡಬಾರದ ಸಬ್ಬತ್ ದಿನ ಒಬ್ಬನ ಬತ್ತಿದ ಕೈ ವಾಸಿ ಮಾಡಿದ ತಕ್ಷಣ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರೂ ಹೆರೋದನ ಮನೆತನದ ಕಡೆಯವರೂ ಕೂಡಿ ಮಾತಾಡಿಕೊಳ್ಳುತ್ತಾರೆ. ಇವರಿಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗದು. ಕೊನೆಗೆ ಯೆರೂಸಲೇಮಿನಲ್ಲಿ ಮಹಾಯಾಜಕರ ಕೂಟ ಮುಂದೆ ಬರುತ್ತದೆ.

ಇನ್ನೊಂದು ಸಂಗತಿ ಜಾಸ್ತಿ ಜನ ಗಮನಿಸುವುದಿಲ್ಲ. ಗಲಿಲಾಯದಲ್ಲಿ ಅಷ್ಟೊಂದು ವಾದ ಮಾಡಿದ ಫರಿಸಾಯರು ಬಂಧನ, ವಿಚಾರಣೆಯ ಕಥೆಯಲ್ಲಿ ಬಹುಮಟ್ಟಿಗೆ ಮರೆಯಾಗುತ್ತಾರೆ. ಅಲ್ಲಿ ಕೆಲಸ ನಡೆಸುವವರು ದೇವಾಲಯದ ಆಡಳಿತದವರು.

ಕಾಯಫ ಅಷ್ಟು ಕೆಟ್ಟವನಾಗಿದ್ದನಾ?

ಚಿತ್ರಪಟಗಳಲ್ಲಿ, ನಾಟಕಗಳಲ್ಲಿ ಅವನನ್ನು ಹಲ್ಲು ಕಡಿಯುವ ಖಳನಾಯಕ ಮಾಡಿಬಿಟ್ಟಿದ್ದಾರೆ. ಯೋಹಾನ 11ನೇ ಅಧ್ಯಾಯ ಓದಿದರೆ ಬೇರೆಯೇ ಮನುಷ್ಯ ಎದುರಾಗುತ್ತಾನೆ. ಅವನೊಬ್ಬ ಆಡಳಿತಗಾರ. ಹೆದರಿದ ಆಡಳಿತಗಾರ.

ಅವನ ಪರಿಸ್ಥಿತಿ ನೋಡಿ. ಆಗ ಮಹಾಯಾಜಕನನ್ನು ನೇಮಿಸುತ್ತಿದ್ದದ್ದೂ ತೆಗೆಯುತ್ತಿದ್ದದ್ದೂ ರೋಮನ್ ಅಧಿಕಾರಿಗಳು. ಅವನ ಮಾವ ಅನ್ನ ಕ್ರಿ.ಶ. 6ರಿಂದ 15ರವರೆಗೆ ಆ ಪದವಿಯಲ್ಲಿದ್ದ, ಆಮೇಲೆ ಕೆಳಗಿಳಿಸಲಾಯಿತು. ಹಬ್ಬಕ್ಕೆ ಮಹಾಯಾಜಕ ಉಡಬೇಕಾದ ಪವಿತ್ರ ವಸ್ತ್ರಗಳು ಕೂಡ ರೋಮನರ ವಶದಲ್ಲೇ, ದೇವಾಲಯದ ಪಕ್ಕದ ಅಂತೋನಿಯ ಕೋಟೆಯಲ್ಲಿ ಇರುತ್ತಿದ್ದವು. ಹಬ್ಬ ಬಂದಾಗ ಪಡೆದುಕೊಳ್ಳಬೇಕು, ಮುಗಿದ ಮೇಲೆ ಹಿಂದಿರುಗಿಸಬೇಕು. ಹೀಗಿದ್ದೂ ಕಾಯಫ ಸುಮಾರು ಕ್ರಿ.ಶ. 18ರಿಂದ 36ರವರೆಗೆ ಉಳಿದುಕೊಂಡ. ಅಷ್ಟು ವರ್ಷ ಆ ಕುರ್ಚಿಯಲ್ಲಿ ಉಳಿಯಲು ಎರಡೂ ಕಡೆಯ ನಾಡಿ ಗೊತ್ತಿರಬೇಕು.

ಸತ್ತಿದ್ದ ಲಾಜರ ಯೇಸು ಕರೆದಾಗ ಸಮಾಧಿಯಿಂದ ಎದ್ದು ಬಂದ ಸುದ್ದಿ ಹಬ್ಬಿದ ಮೇಲೆ ಸಭೆ ಸೇರುತ್ತದೆ. ಸಭೆಯವರ ಚಿಂತೆ ಇಷ್ಟು: ಇವನನ್ನು ಹೀಗೇ ಬಿಟ್ಟರೆ ಎಲ್ಲರೂ ನಂಬುತ್ತಾರೆ, ರೋಮನರು ಬಂದು ನಮ್ಮ ಸ್ಥಳವನ್ನೂ ಜನಾಂಗವನ್ನೂ ಕಿತ್ತುಕೊಳ್ಳುತ್ತಾರೆ. ಯೇಸು ಅದ್ಭುತ ಮಾಡುತ್ತಿದ್ದಾರೆ ಅನ್ನುವುದನ್ನು ಅವರು ಅಲ್ಲಗಳೆಯುವುದೇ ಇಲ್ಲ. ಸತ್ಯವೋ ಸುಳ್ಳೋ ಅನ್ನುವ ಮಾತೇ ಅಲ್ಲಿ ಏಳುವುದಿಲ್ಲ. ಪರಿಣಾಮ ಏನಾದೀತು ಅನ್ನುವುದಷ್ಟೇ ಲೆಕ್ಕ. ಆಗ ಕಾಯಫ ಎಲ್ಲರ ಬಾಯಿ ಮುಚ್ಚಿಸುತ್ತಾನೆ. ನಿಮಗೇನೂ ತಿಳಿಯದು, ಇಡೀ ಜನಾಂಗ ಹಾಳಾಗುವುದಕ್ಕಿಂತ ಜನರಿಗಾಗಿ ಒಬ್ಬ ಸಾಯುವುದು ಮೇಲು ಅಂತ.

ನನಗೆ ಈ ಮಾತು ಭಯ ಹುಟ್ಟಿಸುವುದು ಅದರಲ್ಲಿ ದ್ವೇಷ ಇಲ್ಲದಿರುವುದರಿಂದಲೇ. ಎಷ್ಟೋ ಕಮಿಟಿ ಮೀಟಿಂಗುಗಳಲ್ಲಿ, ಇದೇ ತಣ್ಣನೆಯ ದನಿಯಲ್ಲಿ, ಯಾರೋ ಒಬ್ಬರನ್ನು ಬಲಿ ಕೊಟ್ಟು ಮುಂದಿನ ವಿಷಯಕ್ಕೆ ಹೋಗುತ್ತಾರೆ ಅಲ್ವಾ?

ಅವನ ಆ ಮಾತನ್ನು ಯೋಹಾನ ಪ್ರವಾದನೆ ಅನ್ನುತ್ತಾನಲ್ಲ, ಅದು ಹೇಗೆ?

ಯೋಹಾನ ಹೇಳುವುದು ಹೀಗೆ: ಕಾಯಫ ಇದನ್ನು ತನ್ನಷ್ಟಕ್ಕೆ ತಾನೇ ಹೇಳಲಿಲ್ಲ. ಆ ವರ್ಷದ ಮಹಾಯಾಜಕನಾಗಿದ್ದರಿಂದ, ಯೇಸು ಜನಾಂಗಕ್ಕಾಗಿ ಸಾಯಬೇಕೆಂಬುದನ್ನು ಪ್ರವಾದನೆಯಾಗಿ ನುಡಿದ.

ಬಾಯಿಂದ ಬಂದ ವಾಕ್ಯ ಒಂದೇ. ಕಾಯಫನ ಮನಸ್ಸಿನಲ್ಲಿ ಅದು ರಾಜಕೀಯದ ಲೆಕ್ಕ: ಒಬ್ಬನನ್ನು ಕೊಟ್ಟು ಊರು ಉಳಿಸಿಕೊಳ್ಳೋಣ. ಯೋಹಾನನ ಕಿವಿಗೆ ಅದು ಸುವಾರ್ತೆಯ ಸಾರ: ಒಬ್ಬರು ಎಲ್ಲರಿಗಾಗಿ ಪ್ರಾಣ ಕೊಡುತ್ತಾರೆ. ದೇವರು ಕಾಯಫನ ನಾಲಿಗೆ ಹಿಡಿದು ಬಲವಂತದಿಂದ ಆಡಿಸಿದರು ಅಂತ ಯೋಹಾನ ಬರೆಯುವುದಿಲ್ಲ. ಆ ಮಾತು ಅವನ ಸ್ವಭಾವಕ್ಕೆ ತಕ್ಕದ್ದೇ, ಅವನ ಉದ್ದೇಶದಿಂದಲೇ ಹೊರಟದ್ದು. ಆದರೆ ಅವನ ಮಾತಿಗೆ ಅವನಿಗೇ ತಿಳಿಯದ ಇನ್ನೊಂದು ಅರ್ಥ ಇತ್ತು.

ಇದರ ಕಹಿಯಾದ ಭಾಗ ಇನ್ನೊಂದಿದೆ. ಯೇಸು ಸತ್ತರು, ಆದರೆ ಕಾಯಫ ಕಾಪಾಡಲು ಹೊರಟದ್ದು ಉಳಿಯಲಿಲ್ಲ. ಕ್ರಿ.ಶ. 70ರಲ್ಲಿ ತೀತನ ನೇತೃತ್ವದ ರೋಮನ್ ಸೇನೆ ಯೆರೂಸಲೇಮನ್ನು ಹಿಡಿದು ದೇವಾಲಯವನ್ನು ಸುಟ್ಟುಹಾಕಿತು. ಯೋಹಾನನ ಸುವಾರ್ತೆ ಬರೆಹಕ್ಕೆ ಬಂದದ್ದು ಆಮೇಲೆ ಅನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಅದರ ಮೊದಲ ಓದುಗರಿಗೆ "ರೋಮನರು ಬಂದು ನಮ್ಮ ಸ್ಥಳವನ್ನು ಕಿತ್ತುಕೊಳ್ಳುತ್ತಾರೆ" ಅನ್ನುವ ಮಾತು ಹೇಗೆ ಚುಚ್ಚಿರಬೇಕು, ಊಹಿಸಿ.

"ಹಬ್ಬದಲ್ಲಿ ಬೇಡ" ಅಂದವರು ಹಬ್ಬದಲ್ಲೇ ಯಾಕೆ ಹಿಡಿದರು?

ನನ್ನನ್ನು ಕೇಳಿದರೆ ಇಡೀ ವಿಷಯದ ಕೀಲಿ ಇರುವುದು ಇಲ್ಲೇ.

ಮತ್ತಾಯ 26ನೇ ಅಧ್ಯಾಯದ ಮೊದಲ ಐದು ವಚನ ತೆಗೆಯಿರಿ. ಮೊದಲು ಯೇಸು ಶಿಷ್ಯರಿಗೆ ಹೇಳುತ್ತಾರೆ: ಎರಡು ದಿನ ಕಳೆದರೆ ಪಸ್ಕ ಹಬ್ಬ, ಆಗ ಮನುಷ್ಯಕುಮಾರನನ್ನು, ಅಂದರೆ ತನ್ನನ್ನು, ಶಿಲುಬೆಗೆ ಹಾಕಲು ಒಪ್ಪಿಸುತ್ತಾರೆ. ಅದರ ಬೆನ್ನಿಗೇ ಮತ್ತಾಯ ನಮ್ಮನ್ನು ಕಾಯಫನ ಮನೆಯ ಅಂಗಳಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಹಿರಿಯರು ಮೋಸದಿಂದ ಹಿಡಿದು ಕೊಲ್ಲುವ ಉಪಾಯ ಮಾಡುತ್ತಿದ್ದಾರೆ. ಅವರ ತೀರ್ಮಾನ: ಹಬ್ಬದಲ್ಲಿ ಬೇಡ, ಜನ ಗಲಾಟೆ ಎಬ್ಬಿಸಿಯಾರು.

ಹೊರಗೆ ಹಬ್ಬದಲ್ಲೇ ಅಂದಾಯಿತು. ಒಳಗೆ ಹಬ್ಬದಲ್ಲಿ ಬೇಡ ಅಂತ ಠರಾವಾಯಿತು. ಅಧಿಕಾರ, ಹಣ, ಕಾವಲುಗಾರರು ಎಲ್ಲ ಇದ್ದದ್ದು ಒಳಗಿನವರ ಹತ್ತಿರ. ಆದರೆ ನಡೆದದ್ದು ಹೊರಗಿನವರ ಕ್ಯಾಲೆಂಡರ್ ಪ್ರಕಾರ.

ಅವರ ಹೆದರಿಕೆ ಸುಳ್ಳೇನಲ್ಲ. ಪಸ್ಕ ಅಂದರೆ ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ನೆನಪು. ಊರ ತುಂಬ ಯಾತ್ರಿಕರು, ಮನಸ್ಸಿನ ತುಂಬ ಬಿಡುಗಡೆಯ ಆಸೆ. ರೋಮನ್ ಅಧಿಪತಿ ಕೂಡ ಹಬ್ಬದ ಹೊತ್ತಿಗೆ ಕಡಲ ತೀರದ ಕೈಸರೈಯದಿಂದ ಸೈನಿಕರ ಜೊತೆ ಯೆರೂಸಲೇಮಿಗೆ ಬರುತ್ತಿದ್ದ. ಅಂಥ ಹೊತ್ತಿನಲ್ಲಿ ಜನಪ್ರಿಯ ಬೋಧಕನೊಬ್ಬನನ್ನು ಹಿಡಿಯುವುದು ಬುದ್ಧಿವಂತರ ಕೆಲಸ ಅಲ್ಲ.

ಹಾಗಾದರೆ ಯೋಜನೆ ಯಾಕೆ ಬದಲಾಯಿತು? ಯಾವ ದೇವದೂತನೂ ಬರಲಿಲ್ಲ. ಯೂದ ಬಂದ. ನಿಮಗೆ ಒಪ್ಪಿಸಿಕೊಟ್ಟರೆ ಏನು ಕೊಡುತ್ತೀರಿ ಅಂತ ಕೇಳಿದ. ಜನ ಇಲ್ಲದ ವೇಳೆ, ಜನ ಇಲ್ಲದ ಜಾಗ ತೋರಿಸುವ ಮನುಷ್ಯ ತಾನಾಗಿ ಸಿಕ್ಕಾಗ ಕಾಯುವವರು ಯಾರು? ಒಬ್ಬನ ದುರಾಸೆ ಇನ್ನೊಬ್ಬರ ಎಚ್ಚರಿಕೆಯನ್ನು ಮೀರಿಸಿತು. ಕುರಿಮರಿ ಕೊಯ್ಯುವ ಹಬ್ಬಕ್ಕೂ ಯೇಸುವಿನ ಸಾವಿಗೂ ಗಂಟು ಬಿದ್ದದ್ದು ಹೀಗೆ. ಮೊದಲ ಮೂರು ಸುವಾರ್ತೆಗಳ ಪ್ರಕಾರ ಕಡೆಯ ಊಟವೇ ಪಸ್ಕದ ಊಟ. ಯೋಹಾನನ ಪ್ರಕಾರ ಶಿಲುಬೆಗೇರಿಸಿದ್ದು ಹಬ್ಬದ ಸಿದ್ಧತೆಯ ದಿನ. ದಿನದ ಲೆಕ್ಕದಲ್ಲಿ ಇವು ಕೂಡುವುದಿಲ್ಲ. ಆದರೆ ಸಾವು ಪಸ್ಕ ಹಬ್ಬದ ಹೊತ್ತಿನಲ್ಲೇ ಆಯಿತು ಅನ್ನುವುದರಲ್ಲಿ ನಾಲ್ವರೂ ಒಂದೇ.

ಇದು ನಮ್ಮ "ತಾನೊಂದು ಬಗೆದರೆ ದೈವವೊಂದು ಬಗೆಯಿತು" ಗಾದೆಯ ಹಾಗೇ ಅಲ್ವಾ?

ಹತ್ತಿರ ಇದೆ, ಪೂರ್ತಿ ಅಲ್ಲ. ಗಾದೆಯಲ್ಲಿ ಮನುಷ್ಯ ಎಣಿಸಿದ್ದು ಕೆಡುತ್ತದೆ, ಬೇರೇನೋ ಆಗುತ್ತದೆ. ಸುವಾರ್ತೆಯಲ್ಲಿ ಸಂಚುಗಾರರು ಎಣಿಸಿದ ಕೆಲಸ ಆಗಿಯೇ ಆಗುತ್ತದೆ. ಯೇಸುವನ್ನು ಹಿಡಿಯಬೇಕಿತ್ತು, ಹಿಡಿದರು. ಕೊಲ್ಲಬೇಕಿತ್ತು, ಕೊಂದರು. ಅಡ್ಡ ಬಂದವರು ಯಾರೂ ಇಲ್ಲ. ಕೈಗೂಡದೆ ಹೋದದ್ದು ಆ ಕೊಲೆಯಿಂದ ಅವರು ಬಯಸಿದ ಫಲ.

ಇದಕ್ಕೆ ಹಳೆಯ ಮಾದರಿ ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿದೆ. ಅಣ್ಣಂದಿರು ಯೋಸೇಫನನ್ನು 20 ಬೆಳ್ಳಿಗೆ ಮಾರುತ್ತಾರೆ. ಅವನು ಐಗುಪ್ತದಲ್ಲಿ ದೊಡ್ಡ ಅಧಿಕಾರಿಯಾಗಿ, ಬರಗಾಲದಲ್ಲಿ ಅದೇ ಅಣ್ಣಂದಿರಿಗೆ ಅನ್ನ ಕೊಡುತ್ತಾನೆ. ಕೊನೆಯ ಅಧ್ಯಾಯದಲ್ಲಿ ಅವನು ಹೇಳುವ ಮಾತಿನ ತಾತ್ಪರ್ಯ: ನೀವು ನನಗೆ ಕೇಡು ಎಣಿಸಿದಿರಿ, ದೇವರು ಅದನ್ನೇ ಒಳ್ಳೆಯದಕ್ಕೆ ಎಣಿಸಿದರು. ಕೇಡು ಎಣಿಸಿದಿರಿ ಅನ್ನುವುದನ್ನು ಅವನು ನುಂಗಿಕೊಳ್ಳುವುದಿಲ್ಲ, ಗಮನಿಸಿ. ಕ್ಷಮಿಸುತ್ತಾನೆ, ಆದರೆ ನಡೆದದ್ದನ್ನು ನಡೆದ ಹಾಗೇ ಹೇಳುತ್ತಾನೆ.

ದೇವರ ಯೋಜನೆಯೇ ಆಗಿದ್ದರೆ ಯೂದನದ್ದೇನು ತಪ್ಪು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಸುವಾರ್ತೆ ಬರೆದವರಿಗೂ ಈ ಪ್ರಶ್ನೆ ಹೊಳೆದಿತ್ತು ಅನ್ನಿಸುತ್ತದೆ. ಮಾರ್ಕ 14:21ರಲ್ಲಿ ಯೇಸು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮನುಷ್ಯಕುಮಾರನು ಬರೆದಿರುವ ಪ್ರಕಾರ ಹೋಗುತ್ತಾನೆ, ಆದರೆ ಅವನನ್ನು ಹಿಡಿದುಕೊಡುವವನ ಗತಿಯನ್ನು ಏನು ಹೇಳಲಿ, ಅವನು ಹುಟ್ಟದೆ ಹೋಗಿದ್ದರೆ ಚೆನ್ನಾಗಿತ್ತು. ಬರೆದಿತ್ತು ಅನ್ನುವುದು ಯೂದನಿಗೆ ಜಾಮೀನು ಆಗುವುದಿಲ್ಲ.

ಯೂದನ ಮನಸ್ಸಿನಲ್ಲಿ ಲೋಕದ ರಕ್ಷಣೆಯ ಯೋಚನೆ ಇರಲಿಲ್ಲ. ಅವನು ಏನು ಕೊಡುತ್ತೀರಿ ಅಂತ ಕೇಳಿದ, 30 ಬೆಳ್ಳಿ ನಾಣ್ಯ ಪಡೆದ. ವಿಮೋಚನಕಾಂಡದ ನಿಯಮದಲ್ಲಿ ಹೋರಿ ಹಾಯ್ದು ಗುಲಾಮ ಸತ್ತರೆ ಯಜಮಾನನಿಗೆ ಕೊಡಬೇಕಾದ ಪರಿಹಾರವೂ 30 ಬೆಳ್ಳಿಯೇ.

ಆಮೇಲಿನ ದೃಶ್ಯ ಮತ್ತಾಯ 27ರಲ್ಲಿದೆ. ಯೂದ ಹಣ ವಾಪಸ್ ತರುತ್ತಾನೆ. ತಪ್ಪಿಲ್ಲದವನನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಅನ್ನುತ್ತಾನೆ. ಯಾಜಕರ ಉತ್ತರ: ಅದು ನಮಗೇನು, ನೀನೇ ನೋಡಿಕೋ. ಅವನು ನಾಣ್ಯಗಳನ್ನು ದೇವಾಲಯದೊಳಗೆ ಎಸೆದು ಹೋಗಿ ನೇಣು ಹಾಕಿಕೊಳ್ಳುತ್ತಾನೆ. ಯಾಜಕರು ನಾಣ್ಯಗಳನ್ನು ಎತ್ತಿಕೊಳ್ಳುತ್ತಾರೆ. ಆಗ ನಿಯಮದ ನೆನಪಾಗುತ್ತದೆ. ಇದು ರಕ್ತದ ಬೆಲೆ, ಕಾಣಿಕೆಯ ಬೊಕ್ಕಸಕ್ಕೆ ಹಾಕುವ ಹಾಗಿಲ್ಲ. ಸಮಾಲೋಚನೆ ಮಾಡಿ, ಪರದೇಶಿಗಳನ್ನು ಹೂಳಲು ಕುಂಬಾರನ ಹೊಲ ಕೊಂಡುಕೊಳ್ಳುತ್ತಾರೆ. ಕೊಲೆಗೆ ಹಣ ಕೊಡುವಾಗ ಅಡ್ಡ ಬಾರದ ನಿಯಮ ಲೆಕ್ಕ ಬರೆಯುವಾಗ ಅಡ್ಡ ಬಂತು!

ಯೇಸುವೇ ಹೇಳಿ ಮಾಡಿಸಿದರು ಅನ್ನುವ "ಯೂದನ ಸುವಾರ್ತೆ" ಇದೆಯಂತಲ್ಲ?

ಇದೆ. ಈಜಿಪ್ಟಿನ ಹಳೆಯ ಕಾಪ್ಟಿಕ್ ಭಾಷೆಯ ಹಸ್ತಪ್ರತಿ, 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಯೂದ ಯೇಸುವಿನ ಗುಟ್ಟು ಬಲ್ಲ ಶಿಷ್ಯ. ಆದರೆ ಅದು ನಾಲ್ಕು ಸುವಾರ್ತೆಗಳಿಗಿಂತ ತಡವಾಗಿ, ಗುಪ್ತ ಜ್ಞಾನದಿಂದಲೇ ಮುಕ್ತಿ ಅನ್ನುತ್ತಿದ್ದ ಎರಡನೇ ಶತಮಾನದ ನಾಸ್ಟಿಕ್ ಪಂಥದವರ ನಡುವೆ ಹುಟ್ಟಿದ ಬರೆಹ. ಆ ಪಂಥ ಏನು ನಂಬಿತ್ತು ಎಂದು ತಿಳಿಯಲು ಒಳ್ಳೆಯ ಆಧಾರ. ಯೂದ ನಿಜಕ್ಕೂ ಏನು ಮಾಡಿದ ಎಂದು ತಿಳಿಯಲು ಅಷ್ಟಾಗಿ ಉಪಯೋಗವಿಲ್ಲ.

ಸಾಯುವುದೇ ಉದ್ದೇಶ ಆಗಿದ್ದರೆ ಯೇಸು ಯಾಕೆ ತಪ್ಪಿಸಿಕೊಂಡು ತಿರುಗಿದರು?

ಕಾಯಫನ ಸಭೆ ಮುಗಿದ ಮೇಲೆ ಯೇಸು ಬಹಿರಂಗವಾಗಿ ಓಡಾಡುವುದನ್ನು ಬಿಟ್ಟು, ಅರಣ್ಯದ ಹತ್ತಿರದ ಎಫ್ರಾಯಿಮ್ ಎಂಬ ಊರಿಗೆ ಹೋದರು ಅಂತ ಯೋಹಾನ ಬರೆಯುತ್ತಾನೆ. ಅದಕ್ಕೂ ಮುಂಚೆ ಒಂದು ಹಬ್ಬಕ್ಕೆ ಗುಟ್ಟಾಗಿ ಹೋಗಿದ್ದೂ ಉಂಟು.

ಪಸ್ಕದ ಊಟದ ಏರ್ಪಾಡನ್ನೇ ನೋಡಿ. ಪೇತ್ರ, ಯೋಹಾನರನ್ನು ಕಳಿಸುವಾಗ ಮನೆಯ ವಿಳಾಸ ಹೇಳುವುದಿಲ್ಲ. ಪಟ್ಟಣದೊಳಗೆ ಹೋಗುತ್ತಿದ್ದ ಹಾಗೇ ನೀರಿನ ಕೊಡ ಹೊತ್ತ ಒಬ್ಬ ಗಂಡಸು ಸಿಗುತ್ತಾನೆ, ಅವನ ಹಿಂದೆ ಹೋಗಿ ಅನ್ನುತ್ತಾರೆ. ಜಾಗ ಮೊದಲೇ ಗೊತ್ತಾಗಿದ್ದರೆ ಯೂದ ಕಾವಲುಗಾರರನ್ನು ಊಟಕ್ಕೇ ಕರೆತರುತ್ತಿದ್ದ ಅನ್ನುವುದು ಹಲವು ವ್ಯಾಖ್ಯಾನಕಾರರ ಊಹೆ. ನನಗೂ ಅದು ಸರಿ ಕಾಣುತ್ತದೆ. ಸಂಚು ಇದೆ ಅಂತ ಗೊತ್ತಿದ್ದೂ ಸಂಚುಗಾರರ ಗಡಿಯಾರಕ್ಕೆ ತಲೆಬಾಗುವುದಿಲ್ಲ. ಊಟ ಮುಗಿಯಬೇಕು, ಆಮೇಲೆ ಅವರನ್ನು ಹಿಡಿದ ಗೆತ್ಸೇಮನೆ ತೋಟ. ಅಲ್ಲಿ ಮಾತ್ರ ಅಡಗುವುದಿಲ್ಲ, ಯೂದನಿಗೆ ಗೊತ್ತಿದ್ದ ಜಾಗಕ್ಕೇ ಹೋಗುತ್ತಾರೆ.

ಅಲ್ಲೂ ಈ ಸಂಕಟದ ಪಾತ್ರೆ ನನ್ನಿಂದ ದೂರವಾಗಲಿ ಅಂತ ಬೇಡಿಕೊಂಡೇ ಒಪ್ಪುತ್ತಾರೆ. ದೇವರ ಉದ್ದೇಶ ಅಂದರೆ ಮೊದಲೇ ಬರೆದಿಟ್ಟ ನಾಟಕ, ಎಲ್ಲರೂ ಸುಮ್ನೆ ಮಾತು ಒಪ್ಪಿಸುತ್ತಾರೆ ಅನ್ನುವವರಿಗೆ ಈ ಪ್ರಾರ್ಥನೆಯೇ ಉತ್ತರ.

ರೋಮನ್ ಅಧಿಪತಿ ಪಿಲಾತ ತನಗೆ ಹೊಣೆಯಿಲ್ಲ ಅಂತ ಕೈ ತೊಳೆದುಕೊಂಡನಲ್ಲ, ಅವನ ಪಾಲು ಎಷ್ಟು?

ಕೈ ತೊಳೆದ ಮೇಲೂ ಆಜ್ಞೆ ಅವನದೇ. ಶಿಲುಬೆ ರೋಮನರ ಶಿಕ್ಷೆ. ಪಿಲಾತ ಕ್ರಿ.ಶ. 26ರಿಂದ 36ರವರೆಗೆ ಯೂದಾಯದ ಅಧಿಪತಿ. ಅವನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿದೆ.

ಇಲ್ಲೂ ಅದೇ ವ್ಯಂಗ್ಯ. ಯಾಜಕರನ್ನು ಚುಚ್ಚಲೆಂದೋ ಏನೋ, ಪಿಲಾತ ಶಿಲುಬೆಯ ಮೇಲೆ ಮೂರು ಭಾಷೆಗಳಲ್ಲಿ "ನಜರೇತಿನ ಯೇಸು, ಯೆಹೂದ್ಯರ ಅರಸ" ಅಂತ ಬರೆಸುತ್ತಾನೆ. ಅರಸ ಅಂತ ಅವನೇ ಹೇಳಿಕೊಂಡ ಎಂದು ತಿದ್ದಿಸಿ ಅಂತ ಯಾಜಕರು ಕೇಳುತ್ತಾರೆ. ಬರೆದದ್ದು ಬರೆದಾಯಿತು ಅನ್ನುತ್ತಾನೆ. ಮೂರು ಭಾಷೆಯಲ್ಲಿ ಸಾರಬೇಕಾದ ಸುದ್ದಿಯನ್ನು ಮೊದಲು ಸಾರಿದವನು, ಅದನ್ನು ಒಂದಿಷ್ಟೂ ನಂಬದ ಒಬ್ಬ ಅಧಿಕಾರಿ.

ಬೇತ್ಲೆಹೇಮಿನ ಮಕ್ಕಳು? ಅದೂ ದೇವರ ಉದ್ದೇಶವಾ?

ಈ ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಡುವವರನ್ನು ನಂಬಬೇಡಿ. ಮಗು ಸಿಕ್ಕಿದರೆ ನನಗೂ ತಿಳಿಸಿ, ನಾನೂ ಬಂದು ಅಡ್ಡಬೀಳುತ್ತೇನೆ ಅಂತ ಮೂಡಣ ದೇಶದ ಜ್ಞಾನಿಗಳಿಗೆ ಹೆರೋದ ಹೇಳಿ ಕಳಿಸುತ್ತಾನೆ. ಅವರು ಬೇರೆ ದಾರಿ ಹಿಡಿದು ಹೋದಾಗ, ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸುತ್ತಾನೆ.

ಮತ್ತಾಯ ಇಲ್ಲಿ ಬಹಳ ಎಚ್ಚರದಿಂದ ಬರೆಯುತ್ತಾನೆ. ಹಳೆಯ ಪ್ರವಾದನೆಗಳನ್ನು ತರುವಾಗ, "ಇಂಥ ಮಾತು ನೆರವೇರುವಂತೆ ಇದಾಯಿತು" ಅನ್ನುವುದು ಅವನ ರೂಢಿ. ಇಸ್ರಾಯೇಲರ ಮೂಲತಾಯಿ ರಾಹೇಲಳು ಮಕ್ಕಳಿಗಾಗಿ ಅಳುವ, ಪ್ರವಾದಿ ಯೆರೆಮೀಯನ ಮಾತು ಬಂದಾಗ ಮಾತ್ರ "ಆಗ ನೆರವೇರಿತು" ಅಂತಷ್ಟೇ ಬರೆಯುತ್ತಾನೆ. ಯೂದನ ನಾಣ್ಯಗಳ ವಿಷಯದಲ್ಲೂ ಹಾಗೇ. ಈ ಕೇಡು ಆಗಲಿ ಅಂತಲೇ ದೇವರು ಮಾಡಿಸಿದರು ಎಂದು ಬರೆಯಲು ಅವನ ಕೈ ಬರಲಿಲ್ಲ ಅಂತ ಕಾಣುತ್ತದೆ. ರಾಹೇಲಳನ್ನು ಸಮಾಧಾನ ಮಾಡಲೂ ಅವನು ಹೋಗುವುದಿಲ್ಲ.

ಹಾಗಾದರೆ ಯೇಸುವಿನ ಸಾವಿಗೆ ಯೆಹೂದ್ಯರು ಕಾರಣ ಅನ್ನಬಹುದಾ?

ಖಂಡಿತ ಅನ್ನಬಾರದು. ಯೇಸು, ಮರಿಯಳು, ಶಿಷ್ಯರು, ಯೇಸುವಿಗಾಗಿ ಕಣ್ಣೀರಿಟ್ಟ ಹೆಂಗಸರು ಎಲ್ಲರೂ ಯೆಹೂದ್ಯರೇ. ಸಂಚು ಮಾಡಿದ್ದು ಕೆಲವೇ ನಾಯಕರು, ಶಿಕ್ಷೆ ಕೊಟ್ಟದ್ದು ರೋಮನ್ ಅಧಿಕಾರಿ. "ಅವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ" ಎಂದು ಜನ ಕೂಗುವ ಮತ್ತಾಯ 27:25ನ್ನು ಹಿಡಿದುಕೊಂಡು ಶತಮಾನಗಟ್ಟಲೆ ಯುರೋಪಿನಲ್ಲಿ ಯೆಹೂದ್ಯರಿಗೆ ಕೊಟ್ಟ ಹಿಂಸೆ ಕ್ರೈಸ್ತ ಚರಿತ್ರೆಯ ಮೇಲಿನ ದೊಡ್ಡ ಕಳಂಕ. 1965ರ ಅಕ್ಟೋಬರ್ 28ರಂದು ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ, ಆಗಿನ ಎಲ್ಲ ಯೆಹೂದ್ಯರ ಮೇಲಾಗಲಿ ಈಗಿನವರ ಮೇಲಾಗಲಿ ಈ ಹೊಣೆ ಹೊರಿಸಬಾರದು ಎಂದು ಸಾರಿತು.

ದೇವರ ಯೋಜನೆ, ಮನುಷ್ಯನ ಸ್ವಾತಂತ್ರ್ಯ ಎರಡೂ ಹೇಗೆ ಕೂಡುತ್ತವೆ?

ಅಗಸ್ಟೀನ್, ಅಕ್ವಿನಾಸ್, ಕ್ಯಾಲ್ವಿನ್, ಮೊಲಿನಾ ಮುಂತಾದ ಕ್ರೈಸ್ತ ಚಿಂತಕರೆಲ್ಲ ಇದಕ್ಕೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟಿದ್ದಾರೆ. ಸುವಾರ್ತೆಗಳು ಸಿದ್ಧಾಂತ ಕೊಡುವುದಿಲ್ಲ, ಕಥೆ ಹೇಳುತ್ತವೆ. ಸುವಾರ್ತೆಗಳ ನಂತರ ಬರುವ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಎರಡನೇ ಅಧ್ಯಾಯದಲ್ಲಿ, ಶಿಷ್ಯ ಪೇತ್ರ ಒಂದೇ ವಾಕ್ಯದಲ್ಲಿ ದೇವರ ಸಂಕಲ್ಪ ಅನ್ನುತ್ತಾನೆ, ನೀವು ಕೊಂದಿರಿ ಅಂತಲೂ ಅನ್ನುತ್ತಾನೆ. ಮುಂದಿನ ಅಧ್ಯಾಯದಲ್ಲಿ, ತಿಳಿಯದೆ ಮಾಡಿದಿರಿ ಅಂತ ಸೇರಿಸುತ್ತಾನೆ. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಕಥೆ ಕುಂಟುತ್ತದೆ.

ಯೇಸು ಸತ್ತ ಮೇಲೆ ಸಂಚು ನಿಂತಿತಾ?

ಇಲ್ಲ, ಇನ್ನಷ್ಟು ಹಾಸ್ಯಾಸ್ಪದವಾಯಿತು. ಶಿಷ್ಯರು ಶವ ಕದ್ದಾರು ಅಂತ ಸಮಾಧಿಗೆ ಮುದ್ರೆ ಹಾಕಿಸಿ ಕಾವಲು ಹಾಕಿಸಿದರು. ಸಮಾಧಿ ಬರಿದಾಯಿತು. ಆಗ ಕಾವಲುಗಾರರಿಗೆ ದುಡ್ಡು ಕೊಟ್ಟು, ನಾವು ನಿದ್ದೆ ಮಾಡುತ್ತಿದ್ದಾಗ ಶಿಷ್ಯರು ಬಂದು ಕದ್ದರು ಎಂದು ಹೇಳಲು ಕಲಿಸಿದರು. ನಿದ್ದೆಯಲ್ಲಿದ್ದವರಿಗೆ ಕಳ್ಳ ಯಾರು ಅಂತ ಹೇಗೆ ಗೊತ್ತಾಯಿತೋ! ಕಾವಲು ಹಾಕಿಸದೆ ಇದ್ದಿದ್ದರೆ ಕದ್ದರು ಅನ್ನುವ ಮಾತಿಗೆ ಬಲ ಇರುತ್ತಿತ್ತು. ಅದನ್ನೂ ಅವರೇ ಕಳೆದುಕೊಂಡರು.

ಲಾಜರನದ್ದೂ ಇಂಥದ್ದೇ ಕಥೆ. ಅವನನ್ನು ನೋಡಿ ಜನ ನಂಬುತ್ತಿದ್ದಾರೆ ಅಂತ ಅವನನ್ನೂ ಕೊಲ್ಲಬೇಕೆಂದುಕೊಂಡರು ಅನ್ನುತ್ತಾನೆ ಯೋಹಾನ. ಒಮ್ಮೆ ಸತ್ತು ಬಂದವನನ್ನು ಸಾವಿನಿಂದ ಹೆದರಿಸುವ ಯೋಜನೆ.

ನಾನೇ ಓದಿ ನೋಡಬೇಕು. ಎಲ್ಲಿಂದ ಶುರು ಮಾಡಲಿ?

ಮೊದಲು ಯೋಹಾನ 11:45ರಿಂದ 57. ಆಮೇಲೆ ಮತ್ತಾಯ 26 ಮತ್ತು 27, ನಡುವೆ ನಿಲ್ಲಿಸದೆ. ನಂತರ ಅಪೊಸ್ತಲರ ಕೃತ್ಯಗಳ ಎರಡರಿಂದ ಐದನೇ ಅಧ್ಯಾಯದವರೆಗೆ. ಐದನೆಯದರಲ್ಲಿ ಗಮಲಿಯೇಲ ಎಂಬ ಫರಿಸಾಯ ಅದೇ ಹಿರೀಸಭೆಯಲ್ಲಿ ಎದ್ದು ನಿಲ್ಲುತ್ತಾನೆ. ಇದು ಮನುಷ್ಯರ ಕೆಲಸವಾದರೆ ತಾನೇ ಕೆಡುತ್ತದೆ, ದೇವರದಾದರೆ ನಿಮ್ಮಿಂದ ಕೆಡಿಸಲಾಗದು, ಇವರನ್ನು ಬಿಟ್ಟುಬಿಡಿ ಅನ್ನುತ್ತಾನೆ. ಸಭೆ ಅವನ ಮಾತಿಗೆ ಒಪ್ಪುತ್ತದೆ. ಒಪ್ಪಿದ ಮೇಲೂ ಅಪೊಸ್ತಲರಿಗೆ ಹೊಡೆಸಿಯೇ ಕಳಿಸುತ್ತದೆ.